ಒಬ್ಬರು ಓದಬೇಕು, ಇನ್ನೊಬ್ಬರು ಉತ್ತರಿಸಬೇಕು

1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊ ರಾಜ್ಯದ ರೈಟ್ ಫೀಲ್ಡ್‌ನಿಂದ ಬೋಯಿಂಗ್ ಮಾಡೆಲ್ 299 ಬಾಂಬರ್ ಪರೀಕ್ಷಾ ಹಾರಾಟಕ್ಕೆ ಹೊರಟಿತು. ನೆಲ ಬಿಟ್ಟ ಕೂಡಲೇ ಮೂತಿ ಕಡಿದಾಗಿ ಮೇಲೆದ್ದು, ವೇಗ ಕುಂದಿ, ಕೆಳಗಪ್ಪಳಿಸಿ ಹೊತ್ತಿ ಉರಿಯಿತು. ಮೇಜರ್ ಪ್ಲಾಯರ್ ಹಿಲ್ ಮತ್ತು ಬೋಯಿಂಗ್‌ನ ಮುಖ್ಯ ಪರೀಕ್ಷಾ ಪೈಲಟ್ ಲೆಸ್ಲಿ ಟವರ್ ಪ್ರಾಣ ಕಳೆದುಕೊಂಡರು.

ಎಂಜಿನ್‌ಗಳು ಕೆಟ್ಟಿರಲಿಲ್ಲ. ನಿಂತ ವಿಮಾನದ ನಿಯಂತ್ರಣ ಪಟ್ಟಿಗಳು ಗಾಳಿಗೆ ಬಡಿದಾಡದಿರಲೆಂದು ಹಾಕಿದ್ದ ಲಾಕ್ ತೆಗೆಯುವುದು ಮರೆತುಹೋಗಿತ್ತು. ಅನುಭವಿಗಳೇ ಮರೆತಿದ್ದರು ಎಂಬುದನ್ನು ಗಮನಿಸಬೇಕು. ನಾಲ್ಕು ಎಂಜಿನ್‌ಗಳ ವಿಮಾನದಲ್ಲಿ ಎಲ್ಲವನ್ನೂ ನೆನಪಿಗೆ ಬಿಡುವುದು ಅಪಾಯವೆಂದು ಅರಿತ ಪೈಲಟ್‌ಗಳು ಚೆಕ್‌ಲಿಸ್ಟ್ ಬರೆದರು. ಮುಂದೆ ಅದು ಇಬ್ಬರ ಮಾತುಕತೆಯಾಗಿ ಬೆಳೆಯಿತು: ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕಣ್ಣಾರೆ ನೋಡಿ ಉತ್ತರಿಸುತ್ತಾರೆ. ಇಲ್ಲಿ ಹುದ್ದೆಯ ಸಂಕೋಚಕ್ಕೆ ಜಾಗವಿಲ್ಲ, ಇರಲೂಬಾರದು.

ಇದೇ ವಿಮಾನ ಬಿ-17 ಆಗಿ ಎರಡನೇ ಮಹಾಯುದ್ಧಕ್ಕೆ ಇಳಿದಾಗ ಇನ್ನೊಂದು ತೊಡಕು ಕಂಡಿತು. ಭೂಸ್ಪರ್ಶದ ನಂತರ ರೆಕ್ಕೆಗಳ ಹಿಂಬದಿಯ ಫ್ಲಾಪ್ ಮಡಚಲು ಹೋಗಿ ಪೈಲಟ್‌ಗಳು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಅಕ್ಕಪಕ್ಕದ ಎರಡೂ ಸ್ವಿಚ್ ಒಂದೇ ರೂಪದಲ್ಲಿದ್ದವು. ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಪೈಲಟ್‌ಗಳನ್ನು ದೂರಲಿಲ್ಲ; ಚಕ್ರದ ಸ್ವಿಚ್ಚಿಗೆ ಪುಟ್ಟ ರಬ್ಬರ್ ಚಕ್ರ, ಫ್ಲಾಪ್‌ನದಕ್ಕೆ ಬೆಣೆಯಾಕಾರದ ತುಂಡು ಅಂಟಿಸಲು ಸೂಚಿಸಿದರು. ಇಂದಿನ ಪ್ರಯಾಣಿಕ ವಿಮಾನಗಳಲ್ಲೂ ಚಕ್ರದ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತದೆ.