ಅಮ್ಮನ ದನಿ, ಅಮ್ಮನ ಕಿವಿ

ನಮ್ಮ ಮನೆಗೆ ಫೋನು ಬಂದದ್ದು 1984ರಲ್ಲಿ. ಹಲಸೂರಿನ ನಮ್ಮ ಬೀದಿಯಲ್ಲಿ ಆಗ ಎಣಿಸಿ ಮೂರು ಮನೆಗಳಲ್ಲಿ ಫೋನಿತ್ತು. ಹಾಗಾಗಿ ಅಕ್ಕಪಕ್ಕದವರ ಟ್ರಂಕ್ ಕಾಲ್‌ಗಳೆಲ್ಲ ನಮ್ಮ ನಡುಮನೆಗೇ ಬರುತ್ತಿದ್ದವು. ತುಮಕೂರಾದರೆ ಒಂದು ಕೂಗು, ಮದರಾಸಾದರೆ ಅದಕ್ಕಿಂತ ದೊಡ್ಡ ಕೂಗು. ದಿಲ್ಲಿಗೆ ಮಾತಾಡುವವರ ಅಬ್ಬರ ಕೇಳಿದರೆ ಅವರಿಗೆ ಫೋನೇ ಬೇಕಿರಲಿಲ್ಲ ಅನ್ನಿಸುತ್ತಿತ್ತು!

ಕೂಗದೆ ಮಾತಾಡುತ್ತಿದ್ದವಳು ಅಮ್ಮ ಒಬ್ಬಳೇ. ರಿಸೀವರ್ ಎತ್ತಿದ ಕೂಡಲೇ ಅದರೊಳಕ್ಕೆ ಒಮ್ಮೆ 'ಫೂ' ಎಂದು ಊದುವಳು. ಊದಿದ ಸದ್ದು ತನ್ನ ಕಿವಿಗೇ ಕೇಳಿಸಿದರೆ ಫೋನಿಗೆ ಜೀವವಿದೆ ಎಂದು ಅರ್ಥ. ಆಮೇಲೆ ಎದುರಿಗೆ ಕೂತವರೊಡನೆ ಆಡುವಷ್ಟೇ ದನಿಯಲ್ಲಿ ಮಾತು. ನಾನು ಕಿರುಚಿದರೆ ಕೈಸನ್ನೆ ಮಾಡುತ್ತಿದ್ದಳು. "ಕೂಗ್ಬೇಡ ಕಣೆ. ನಿನ್ನ ದನಿ ನಿನ್ನ ಕಿವಿಗೆ ಬರ್ತಾ ಇದೆ ನೋಡು, ಅದೇ ಅಳತೆ."

ಅಮ್ಮನಿಗೆ ಇದು ಗೊತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವಳು ಕೆಲಸ ಮಾಡುತ್ತಿದ್ದುದೇ ಕೆ.ಆರ್. ಪುರದ ಹತ್ತಿರದ ಐ.ಟಿ.ಐ.ಯಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕೇಂದ್ರ ಸರ್ಕಾರ ಶುರುಮಾಡಿದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅದು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು. ಸಾವಿರಾರು ಜನ ದುಡಿದ ಆ ಕಾರ್ಖಾನೆಯಲ್ಲಿ ಹೆಂಗಸರೂ ಬಹಳ ಇದ್ದರು. ಸಣ್ಣ ತಂತಿ, ಸಣ್ಣ ಸುರುಳಿಗಳ ಕೆಲಸಕ್ಕೆ ಅವರ ಬೆರಳೇ ಬೇಕಿತ್ತು. ಅಮ್ಮ ಕಪ್ಪು ಫೋನು ಜೋಡಿಸುವ ಸಾಲಿನಲ್ಲಿ ಕೂತು ತಂತಿ ಬೆಸೆಯುತ್ತಿದ್ದಳು. ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಿ, ಡಬ್ಬಿ ಕಟ್ಟಿಕೊಂಡು, ಹಳೆ ಮದರಾಸು ರಸ್ತೆಯಲ್ಲಿ ಕಾರ್ಖಾನೆ ಬಸ್ಸಿಗೆ ಓಡುತ್ತಿದ್ದ ಅವಳ ಸೆರಗು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅವಳು ಹೇಳುತ್ತಿದ್ದ ಆ 'ಅಳತೆ'ಗೆ ಎಂಜಿನಿಯರುಗಳು ಸೈಡ್‌ಟೋನ್ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಗ್ರಹಾಂ ಬೆಲ್ 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ. ಹಳೆಯ ಕಾಲದ ಫೋನುಗಳಲ್ಲಿ ಆಡಿದ ಮಾತು ಆಡಿದವರ ಕಿವಿಗೇ ಗಟ್ಟಿಯಾಗಿ ಕೇಳಿಸುತ್ತಿತ್ತು. ತನ್ನ ದನಿ ತನಗೇ ಜೋರೆನ್ನಿಸಿದಾಗ ಮನುಷ್ಯ ತಾನಾಗಿ ದನಿ ತಗ್ಗಿಸುತ್ತಾನೆ. ಆ ಕಡೆಯವರಿಗೆ ಆಗ ಏನೂ ಕೇಳಿಸದು. ಸರಿ, ಈ ಮರುದನಿಯನ್ನು ಅಡಗಿಸುವ ಸುರುಳಿಯೊಂದನ್ನು ಫೋನಿನೊಳಗೆ ಇಟ್ಟರು. ಆದರೆ ಪೂರಾ ಅಡಗಿಸಿದರೆ ಇನ್ನೊಂದು ಫಜೀತಿ. ಫೋನು ಸತ್ತಂತೆ ತೋರಿ ಜನ ಕಿರುಚತೊಡಗುತ್ತಾರೆ. ಹಾಗಾಗಿ ಬೇಕೆಂದೇ ಒಂದಿಷ್ಟು ಉಳಿಸಿದರು. ಅಡುಗೆಗೆ ಉಪ್ಪು ಹಾಕಿದ ಹಾಗೆ, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ನಾವೆಲ್ಲ ಬಾಯಿಂದ ಮಾತಾಡುತ್ತೇವೆಂದುಕೊಳ್ಳುತ್ತೇವೆ. ಆ ಬಾಯಿಯನ್ನು ಅಂಕೆಯಲ್ಲಿಡುವುದು ಕಿವಿ. ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವನು ಪ್ಯಾರಿಸ್ಸಿನ ಕಿವಿ ಮೂಗು ಗಂಟಲಿನ ವೈದ್ಯ ಎತಿಯೆನ್ ಲೊಂಬಾರ್, 1911ರಲ್ಲಿ. ಓದುತ್ತಿರುವವನ ಕಿವಿಗೆ ಯಂತ್ರವೊಂದರಿಂದ ಗರಗರ ಸದ್ದು ಬಿಟ್ಟರೆ ಅವನಿಗರಿವಿಲ್ಲದೆಯೇ ದನಿ ಏರುತ್ತಿತ್ತು. ಸದ್ದು ನಿಲ್ಲಿಸಿದರೆ ಇಳಿಯುತ್ತಿತ್ತು. ಕಿವುಡೆಂದು ಸುಳ್ಳು ಹೇಳುವವರನ್ನು ಹಿಡಿಯಲು ಈ ಪರೀಕ್ಷೆ ವೈದ್ಯರಿಗೆ ಒದಗಿತು. ಕಿವಿ ನಿಜಕ್ಕೂ ಕೇಳದವನಿಗೆ ಆ ಸದ್ದಿನಿಂದ ಏನೂ ಆಗದು. ಕೇಳಿಸುವವನ ಗುಟ್ಟನ್ನು ಅವನ ದನಿಯೇ ರಟ್ಟು ಮಾಡಿಬಿಡುತ್ತದೆ.

ಲೊಂಬಾರ್ ನಮ್ಮ ದಂಡು ಪ್ರದೇಶಕ್ಕೆ ಬಂದಿದ್ದರೆ ಯಂತ್ರದ ಅಗತ್ಯವೇ ಇರುತ್ತಿರಲಿಲ್ಲ. ಶಿವಾಜಿನಗರದ ರಸಲ್ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕಿತ್ತು. ಹಣ್ಣಿನವನು ದನಿ ಏರಿಸಿದ್ದಕ್ಕೆ ಹೂವಿನವಳು ಏರಿಸುತ್ತಾಳೆ. ಅವಳ ಮೇಲೆ ಬಸ್ಸಿನ ಹಾರನ್ನು. ತಮಿಳು, ಉರ್ದು, ಕನ್ನಡ ಮೂರೂ ಗಂಟಲು ಹರಿದುಕೊಳ್ಳುತ್ತವೆ. ಮನೆಗೆ ಬಂದರೆ ನಮ್ಮ ತಲೆಯ ಮೇಲೇ ವಿಮಾನಗಳು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವ ತನಕ ಪ್ರಯಾಣಿಕರ ವಿಮಾನಗಳೆಲ್ಲ ಎಚ್.ಎ.ಎಲ್. ನಿಲ್ದಾಣಕ್ಕೇ ಇಳಿಯುತ್ತಿದ್ದವು. ಇಂದಿರಾನಗರದ ನನ್ನ ಚಿಕ್ಕಮ್ಮ ಮಾತಿನ ನಡುವೆ ದನಿ ಏರಿಸಿ, ವಿಮಾನ ದಾಟಿದ ಮೇಲೆ ಇಳಿಸುತ್ತಿದ್ದಳು. ತಾನು ಏರಿಸಿದ್ದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಕಿವಿಗೆ ಬರುವ ದನಿ ತಡವಾದರೂ ಕಷ್ಟವೇ. ತನ್ನ ಮಾತು ಒಂದು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ತಡವಾಗಿ ಕಿವಿಗೆ ಬಿದ್ದರೆ ಎಂಥ ಮಾತುಗಾರನೂ ತೊದಲುತ್ತಾನೆ. ಇದನ್ನು 1950ರಲ್ಲಿ ಬರ್ನಾರ್ಡ್ ಲೀ ಎಂಬ ಅಮೆರಿಕದವನು ವಿವರಿಸಿದ. ವಿದೇಶದಲ್ಲಿರುವ ಮಕ್ಕಳಿಗೆ ಫೋನು ಮಾಡಿ, ತಮ್ಮದೇ 'ಹಲೋ' ತಿರುಗಿ ಬಂದು ತಬ್ಬಿಬ್ಬಾದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಈಗ ಹೇಳುವ ನಾನು, ತಿಳಿಯಬೇಕಾದ ಹೊತ್ತಿಗೆ ತಿಳಿಯಲಿಲ್ಲ.

ಅಮ್ಮ 2002ರಲ್ಲಿ ನಿವೃತ್ತಳಾದಳು. ಎಪ್ಪತ್ತು ದಾಟಿದ ಮೇಲೆ ಅವಳ ದನಿ ಏರತೊಡಗಿತು. ನೀರು ಕೇಳಿದರೂ ಜಗಳಕ್ಕೆ ಬಂದ ಹಾಗೆ. ಕೆಲಸದವಳು ಮುಖ ಸಿಂಡರಿಸಿದಳು. ಸೊಸೆಯಾದ ನನ್ನ ತಮ್ಮನ ಹೆಂಡತಿ, "ಅತ್ತೆಗೆ ಈಚೆಗೆ ಕೋಪ ಜಾಸ್ತಿ ಅಕ್ಕಾ" ಎಂದಳು. ವಯಸ್ಸಾದ ಮೇಲೆ ಸ್ವಭಾವ ಕೆಡುತ್ತದೆಂದು ನಾನೂ ನಂಬಿದೆ. ಒಂದು ದಿನ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಅಮ್ಮ ಒಳಗಿನಿಂದ, "ಕಾಫಿಗೆ ಸಕ್ಕರೆ ಎಷ್ಟು ಹಾಕ್ಲೀ?" ಎಂದು ಕೂಗಿದಳು. ನನಗೆ ಅವಮಾನವಾಯಿತು. ಒಳಗೆ ಹೋಗಿ, "ಯಾಕಮ್ಮ ಹೀಗೆ ಕಿರುಚ್ತೀಯ? ಮರ್ಯಾದೆ ಬೇಡ್ವಾ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಮಾತು ಕೇಳಿಸಿರಲಿಲ್ಲ, ನನ್ನ ಮುಖ ಅರ್ಥವಾಗಿತ್ತು. ಅವತ್ತಿನಿಂದ ಅಮ್ಮ ಮಾತಾಡುವುದನ್ನೇ ಕಡಿಮೆ ಮಾಡಿದಳು. ಫೋನು ಬಂದರೆ, "ನೀನೇ ಮಾತಾಡು" ಎನ್ನುವಳು. ಮನೆಯಲ್ಲಿ ಸದ್ದಿಲ್ಲವೆಂದು ಎಲ್ಲರಿಗೂ ನೆಮ್ಮದಿ. ನನಗೂ ಎಂದು ಬರೆಯುವಾಗ ಈಗ ಕೈ ನಡುಗುತ್ತದೆ.

ಆರು ತಿಂಗಳ ಮೇಲೆ, ಬೇರಾವುದಕ್ಕೋ ಹೋದ ಡಾಕ್ಟರು ಕಿವಿ ಪರೀಕ್ಷೆಗೆ ಬರೆದುಕೊಟ್ಟರು. ಪರೀಕ್ಷೆ ಮಾಡಿದ ಹುಡುಗಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. 1965ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರಿನಲ್ಲೇ ಮಾತು ಮತ್ತು ಕಿವಿ ಜೋಡಿಯಾಗಿ ನಿಂತಿವೆ. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ವಯಸ್ಸಿನಿಂದ ಒಳಕಿವಿಯ ನರ ಸೊರಗಿದವರಿಗೆ ಪರರ ಮಾತಿನ ಹಾಗೆ ತಮ್ಮ ಮಾತೂ ಸಣ್ಣದಾಗಿ ಕೇಳುತ್ತದೆ. ಅದಕ್ಕೇ ಗಟ್ಟಿಯಾಗಿ ಆಡುತ್ತಾರೆ. ಕಿವಿಯ ಹೊರಭಾಗ ಅಥವಾ ನಡುಭಾಗ ಕಟ್ಟಿಕೊಂಡವರಿಗೆ ಇದರ ತಿರುಗುಮುರುಗು. ಮೂಳೆಯ ಮೂಲಕ ತಮ್ಮ ದನಿ ತಮಗೇ ಜೋರಾಗಿ ಕೇಳಿ ಪಿಸುಗುಡುತ್ತಾರೆ. ಎರಡು ಕಿವಿಗೂ ಬೆರಳಿಟ್ಟು ಮಾತಾಡಿ ನೋಡಿ, ನಿಮಗೇ ತಿಳಿಯುತ್ತದೆ.

"ಅಜ್ಜಿಗೆ ಕೋಪ ಬಂದಿಲ್ಲ ಮೇಡಂ. ಅಳತೆ ತಪ್ಪಿದೆ ಅಷ್ಟೆ" ಎಂದಳು ಆ ಹುಡುಗಿ. ನಾನು ತಲೆ ತಗ್ಗಿಸಿದೆ. ಆ ಅಳತೆಯನ್ನು ನನಗೆ ಕಲಿಸಿದವಳು ಪಕ್ಕದಲ್ಲೇ ಕೂತಿದ್ದಳು.

ಕಿವಿಗೆ ಮಷೀನು ಹಾಕಿಸಿದೆವು. ಮೊದಲ ದಿನ ಅಮ್ಮ, "ಪಾತ್ರೆ ಯಾಕೆ ಹೀಗೆ ಎತ್ತಿ ಕುಕ್ಕುತ್ತೀರಿ?" ಎಂದು ಬೆಚ್ಚಿದಳು. ತನ್ನ ಮಾತಿಗೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. "ನಾನು ಇಷ್ಟು ಜೋರಾಗಿ ಆಡ್ತಿದ್ನೇನೆ? ಅದಕ್ಕೇ ಅವತ್ತು ನೀನು..." ಅಷ್ಟಕ್ಕೇ ನಿಲ್ಲಿಸಿದಳು. ನಾನೂ ಮುಂದೆ ಕೇಳಲಿಲ್ಲ. ವಾರ ಹತ್ತು ದಿನಗಳಲ್ಲಿ ಅವಳ ದನಿ, ನಾನು ಚಿಕ್ಕಂದಿನಲ್ಲಿ ಕೇಳಿದ್ದ ಮಟ್ಟಕ್ಕೆ ಇಳಿದಿತ್ತು. ಯಾರೂ ಹೇಳಿಕೊಡಲಿಲ್ಲ.

ಹಳೆಯ ಅಭ್ಯಾಸ ಮಾತ್ರ ಹೋಗಿಲ್ಲ. ಮೊನ್ನೆ ನನ್ನ ಮೊಬೈಲು ತೆಗೆದುಕೊಂಡು, ಕಿವಿಗೆ ಹಿಡಿದು 'ಫೂ' ಎಂದು ಊದಿದಳು. ಏನೂ ಕೇಳಿಸಲಿಲ್ಲ.

"ಇದು ಸತ್ತಿದೆ ಕಣೆ" ಎಂದು ನನ್ನ ಕೈಗಿತ್ತಳು. ಆ ಕಡೆಯಿಂದ ಮೊಮ್ಮಗಳು, "ಅಜ್ಜೀ, ಹೇಳಜ್ಜೀ" ಅನ್ನುತ್ತಲೇ ಇದ್ದಳು. ಅವಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು.