ಹಸುರಿನ ಸಂಕೇತ, ಹೂವಿನ ಸಂಕೇತ

ಶ್ಟುಟ್‌ಗಾರ್ಟ್ ನಗರದ ಉತ್ತರಭಾಗವಾದ ಫೊಯರ್‌ಬಾಕ್‌ನಲ್ಲಿ ಚಳಿಗಾಲಕ್ಕೆ ಲೆಂಬೆರ್ಗ್ ಗುಡ್ಡದ ದ್ರಾಕ್ಷಿತೋಟಗಳು ಬೋಳಾಗುತ್ತವೆ. ಅಂಥ ನಾಡಿನಲ್ಲಿ ಹಸುರುಳಿಸಿಕೊಳ್ಳುವ ಫರ್ ಮರವು ಅಳಿಯದ ಬಾಳಿನ, ಮಾತು ತಪ್ಪದ ನಿಷ್ಠೆಯ ಕುರುಹಾದುದು ಸಹಜ. ಇಂದು ಕ್ರಿಸ್‌ಮಸ್ ಹಾಡೆನಿಸಿರುವ ‘ಓ ಟಾನೆನ್‌ಬೌಮ್’ ಅನ್ನು ಎರ್ನ್‌ಸ್ಟ್ ಆನ್‌ಶ್ಯುಟ್ಸ್ 1824ರಲ್ಲಿ ಹೊಸದಾಗಿ ಬರೆದನು. ಅದಕ್ಕೆ ಮುಂಚಿನ ಪಾಠವು ಮರದ ನಿಷ್ಠೆಗೆ ಪ್ರೇಯಸಿಯ ವಂಚನೆಯನ್ನು ಎದುರಾಗಿಸಿದ ಪ್ರೇಮಗೀತೆ.

ಈ ಅರ್ಥವನ್ನು ಕನ್ನಡದ ವನವರ್ಣನೆಗಳಲ್ಲಿ ಹುಡುಕುವುದು ದಾರಿ ತಪ್ಪಿದಂತೆ. ಮಾವು, ಬಕುಳ, ಸಂಪಗೆ, ಅಶೋಕಗಳೂ ನಿತ್ಯಹಸುರಿನವೇ. ಆದರೆ ಹಸುರು ವಿರಳವಲ್ಲದ ಕಡೆ ಹಸುರೇ ಸಂಕೇತವಾಗದು. ಅಕ್ಷಯವಟದ ಹಿರಿಮೆಯೂ ಪ್ರಳಯದಲ್ಲಿ ಅಳಿಯದುದರಿಂದ ಬಂದದ್ದು, ಎಲೆಯುದುರದುದರಿಂದಲ್ಲ. ಪಂಪನು ಬನವಾಸಿಯ ಸಂಪಗೆಯನ್ನು ನೆನೆಯುವುದು ಅದು ಹೂತಿರುವಾಗ. ಕವಿಸಮಯದ ಬಕುಳ ಅರಳುವುದು ತರುಣಿ ಬಾಯಿಂದ ಉಗುಳುವ ಮದ್ಯಕ್ಕೆ, ಅಶೋಕ ಆಕೆಯ ಪಾದಾಘಾತಕ್ಕೆ. ಇದಕ್ಕೆ ದೋಹದವೆಂದು ಹೆಸರು; ಆ ಪದದ ಮೊದಲ ಅರ್ಥ ಬಸುರಿಯ ಬಯಕೆ. ಫರ್ ಋತುವಿಗೆ ಸೆಡ್ಡುಹೊಡೆದು ಒಂಟಿಯಾಗಿ ನಿಂತರೆ, ಬಕುಳವು ಮನುಷ್ಯಸ್ಪರ್ಶವನ್ನು ಬಯಸುತ್ತ ಕಾಯುತ್ತದೆ. ಹೂ ಬಿಡದಿದ್ದರೆ ಅದರ ಹಸುರನ್ನು ಯಾವ ಕವಿಯೂ ಕೇಳುವುದಿಲ್ಲ.