ಬೆಳಕಿಗೆ ಬೆಳಕು ಕೂಡಿದಾಗ

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಆಳ್ವಿಕೆಯಲ್ಲಿ, ೧೧೯೬ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಕಲ್ಲಿನ ಮೇಲಿನ ಆ ಪದ್ಯಗಳು ದೂರದ ಓದುಗರ ಕೈಸೇರಿದ್ದು, ಬಿ. ಎಲ್. ರೈಸ್ ಅವರು ಕಡೂರು ಜಿಲ್ಲೆಯ ಶಾಸನಸಂಪುಟವನ್ನು ಅಚ್ಚು ಹಾಕಿಸಿದ ೧೯೦೧ರಲ್ಲಿ. ಹೀಗೆ ಓದುಗನಿಗಾಗಿ ಕಾದ ಬರಹದ ಕಥೆ ನಮ್ಮ ನಾಡಿನ ವಿಜ್ಞಾನದಲ್ಲಿಯೂ ಒಂದುಂಟು. ಅದನ್ನು ತಿಳಿಯಲು ಮೊದಲು ಕೆರೆಯ ದಂಡೆಗೆ ಹೋಗಬೇಕು.

ನಿಂತ ನೀರಿಗೆ ಎರಡು ಕಲ್ಲುಗಳನ್ನು ಎಸೆಯಿರಿ. ಎರಡು ಅಲೆಬಳೆಗಳು ಹರಡಿ ಒಂದನ್ನೊಂದು ಹಾಯುತ್ತವೆ. ಉಬ್ಬಿಗೆ ಉಬ್ಬು ಸೇರಿದಲ್ಲಿ ನೀರು ಇನ್ನಷ್ಟು ಏಳುತ್ತದೆ. ಉಬ್ಬಿಗೆ ತಗ್ಗು ಸೇರಿದಲ್ಲಿ ಅಲುಗದೆ ನಿಲ್ಲುತ್ತದೆ. ಇದೇ ವ್ಯತಿಕರಣ. ಬೆಳಕಿನ ನಡೆಯೂ ಹೀಗೆಯೇ ಎಂದು ಇಂಗ್ಲೆಂಡಿನ ಥಾಮಸ್ ಯಂಗ್ ೧೮೦೧ರಲ್ಲಿ ಸಾರಿದರು. ಬೆಳಕಿಗೆ ಬೆಳಕು ಕೂಡಿ ಕತ್ತಲೆಯಾಗಬಹುದು. ಆದರೆ ಏನೂ ನಾಶವಾಗುವುದಿಲ್ಲ, ಇಲ್ಲಿ ಕುಂದಿದ್ದು ಪಕ್ಕದ ಪಟ್ಟೆಯಲ್ಲಿ ಹೆಚ್ಚಾಗಿ ತೋರುತ್ತದೆ.

ಬೆಳಕಿನ ಅಲೆಗೆ ಕಂಪಿಸುವ ದಿಕ್ಕೂ ಒಂದಿದೆ. ಅದನ್ನು ಧ್ರುವೀಕರಣವೆಂದು ಕರೆಯುತ್ತಾರೆ. ಪರಸ್ಪರ ಲಂಬವಾಗಿ ಕಂಪಿಸುವ ಎರಡು ಕಿರಣಗಳು ಇಂಥ ಪಟ್ಟೆಗಳನ್ನು ಮೂಡಿಸಲಾರವು. ಹಾಗಾದರೆ ಪೂರ್ತಿ ಒಂದೇ ಬಗೆಯೂ ಅಲ್ಲದ, ಪೂರ್ತಿ ವಿರುದ್ಧವೂ ಅಲ್ಲದ ಎರಡು ಕಿರಣಗಳು ಒಂದೇ ಹೆಜ್ಜೆಯಲ್ಲಿವೆ ಎಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ೧೯೫೬ರಲ್ಲಿ ಉತ್ತರ ಕೊಟ್ಟವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ, ಇಪ್ಪತ್ತೆರಡು ವರ್ಷದ ಎಸ್. ಪಂಚರತ್ನಂ. ಕೂಡಿದಾಗ ಬೆಳಕು ಅತಿ ಹೆಚ್ಚಾದರೆ ಅವೆರಡೂ ಒಂದೇ ಹೆಜ್ಜೆಯಲ್ಲಿವೆ ಎಂದು ಅವರು ಗೊತ್ತುಮಾಡಿದರು. ಆಗ ಒಂದು ವಿಸ್ಮಯ ಹೊರಬಿತ್ತು. ಮೊದಲನೆಯದು ಎರಡನೆಯದರೊಡನೆ, ಎರಡನೆಯದು ಮೂರನೆಯದರೊಡನೆ ಹೆಜ್ಜೆ ಹಾಕಿದರೂ, ಮೂರನೆಯದು ಮೊದಲನೆಯದರೊಡನೆ ಹೆಜ್ಜೆ ತಪ್ಪಬಹುದು! ಧ್ರುವೀಕರಣದ ಬಗೆಗಳನ್ನು ಗೋಲದ ಮೇಲಿನ ಬಿಂದುಗಳೆಂದು ಗುರುತಿಸಿದರೆ, ಆ ಅಂತರವನ್ನು ಮೂರು ಬಿಂದುಗಳ ನಡುವಣ ತ್ರಿಕೋನದ ವಿಸ್ತಾರವೇ ಹೇಳುತ್ತದೆ.

ಪಂಚರತ್ನಂ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡಿಗೆ ಹೋದರು. ಅಲ್ಲಿಯೇ ೧೯೬೯ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೯೮೪ರಲ್ಲಿ ಬ್ರಿಸ್ಟಲ್ಲಿನ ಮೈಕೆಲ್ ಬೆರಿ ಕ್ವಾಂಟಮ್ ಲೋಕದಲ್ಲಿ ಇಂಥದೇ ಅಂತರವನ್ನು ಕಂಡು ಹೆಸರಾದರು. ಇದರ ಒಂದು ರೂಪ ಪಂಚರತ್ನಂ ಅವರ ಬರಹದಲ್ಲಿ ಆಗಲೇ ಇತ್ತೆಂದು ಬೆಂಗಳೂರಿನ ರಾಮಶೇಷನ್ ಮತ್ತು ನಿತ್ಯಾನಂದ ೧೯೮೬ರಲ್ಲಿ ಎತ್ತಿ ತೋರಿಸಿದರು. ಮರುವರ್ಷವೇ ಬೆರಿ ಅದನ್ನು ಗೌರವದಿಂದ ಒಪ್ಪಿ ಬರೆದರು. ಓದುಗ ದೊರೆತಿದ್ದ, ಬರೆದವರು ಇರಲಿಲ್ಲ.